ಈ ದಾರಿ ಮುಂದೆ ಎಲ್ಲಿಗೆ ಹೋಗುತ್ತೆ? ಲೇಕ್ ಡಿಸ್ಟ್ರಿಕ್ಟ್‌ಗೆ ಹೊರಟ ಕನ್ನಡಿಗರಿಗೊಂದು ಬಹಿರಂಗ ಪತ್ರ

ಬ್ರಿಟನ್ನಿನಲ್ಲಿ ಮನೆ ಮಾಡಿಕೊಂಡಿರುವ, ರಜೆ ಸಿಕ್ಕೊಡನೆ ಲೇಕ್ ಡಿಸ್ಟ್ರಿಕ್ಟ್ ಕಡೆ ಕಾರು ಹೊರಡಿಸುವ ಕನ್ನಡ ಬಂಧುಗಳಿಗೆ,



ಕಳೆದ ಆಗಸ್ಟ್ ತಿಂಗಳ ಬ್ಯಾಂಕ್ ಹಾಲಿಡೇ ಸೋಮವಾರ. ಕೆಸಿಕ್ ಪಟ್ಟಣದ ದಕ್ಷಿಣಕ್ಕೆ, ಡರ್ವೆಂಟ್‌ವಾಟರ್ ಸರೋವರದ ನೆತ್ತಿಯ ಮೇಲೆ ಸರ್‌ಪ್ರೈಸ್ ವ್ಯೂ ಎಂಬ ಬಂಡೆಯಂಚು ಇದೆ. ಅಲ್ಲಿಗೆ ಹೋಗುವ ರಸ್ತೆ ಒಂದೇ ಕಾರಿನಷ್ಟು ಅಗಲ. ಬೆಳಿಗ್ಗೆ ಹನ್ನೊಂದಕ್ಕೆಲ್ಲ ಕಾರುಗಳು ಹಿಂದಕ್ಕೂ ಮುಂದಕ್ಕೂ ಹೋಗಲಾಗದೆ ನಿಂತಿದ್ದವು. ಒಂದು ಕಾರಿನಿಂದ ಕನ್ನಡ ಕೇಳಿಸಿತು: "ಬೇಗ ಇಳೀರಿ, ಹಿಂದೆ ಗಾಡಿ ಬರ್ತಿದೆ." ಗಂಡ, ಹೆಂಡತಿ, ಇಬ್ಬರು ಮಕ್ಕಳು, ಊರಿನಿಂದ ಬಂದ ಅಜ್ಜಿ. ಅಜ್ಜಿ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಹೊಸ ಸ್ಪೋರ್ಟ್ಸ್ ಶೂ ಹಾಕಿದ್ದರು. ಐದು ನಿಮಿಷದಲ್ಲಿ ಫೋಟೋ ಮುಗಿಯಿತು. ಎಲ್ಲರೂ ಕಾರಿನತ್ತ ತಿರುಗಿದಾಗ ಅಜ್ಜಿ ಮಾತ್ರ ರಸ್ತೆ ಮರಗಳ ನಡುವೆ ಮರೆಯಾಗುವ ಕಡೆ ನೋಡುತ್ತ, "ಈ ದಾರಿ ಮುಂದೆ ಎಲ್ಲಿಗೆ ಹೋಗುತ್ತೆ?" ಎಂದರು. ಯಾರೂ ಉತ್ತರ ಕೊಡಲಿಲ್ಲ. ಕಾರು ಹೊರಟಿತು.

ಪಕ್ಕದಲ್ಲೇ ನಿಂತಿದ್ದ ಈ ಪತ್ರದ ಲೇಖಕಿಗೂ ಆ ಕ್ಷಣಕ್ಕೆ ಬಾಯಿ ಬರಲಿಲ್ಲ. ಅಂದು ಹೇಳಬೇಕಾಗಿದ್ದದ್ದನ್ನು ಈಗ ಹೇಳುವುದಕ್ಕಾಗಿ ಈ ಪತ್ರ.

ಆ ದಾರಿ ವಾಟೆಂಡ್‌ಲತ್ ಎಂಬ ಪುಟ್ಟ ಹಳ್ಳಿಗೆ ಹೋಗುತ್ತದೆ. ನಿಧಾನವಾಗಿ ನಡೆದರೂ ಒಂದು ಗಂಟೆ ಹಿಡಿಯುವುದಿಲ್ಲ. ಹಳ್ಳಿಯಲ್ಲಿ ನಾಲ್ಕಾರು ಕಲ್ಲಿನ ಮನೆ, ಒಂದು ಕೊಳ, ಹಿಂದೆ ಕುದುರೆಗಳ ಮೇಲೆ ಸರಕು ಹೇರಿಕೊಂಡು ಹೋಗುತ್ತಿದ್ದವರು ದಾಟುತ್ತಿದ್ದ ಕಮಾನು ಸೇತುವೆ. ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ರಾಸ್ತ್‌ವೇಟ್ ಎಂಬ ಊರು, ಅಲ್ಲಿ ಕೆಸಿಕ್‌ಗೆ ವಾಪಸು ಬರಲು 78ನೇ ನಂಬರಿನ ಬಸ್ಸು. ಇಡೀ ಅರ್ಧ ದಿನದ ಸುಖ ಅಜ್ಜಿಯ ಕಣ್ಣೆದುರೇ ಇತ್ತು.

ಬಂಧುಗಳೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮುಂದಿನ ಸಲ ಈ ಸೀಮೆಗೆ ಹೋದಾಗ ಕಾರನ್ನು ಒಂದು ಕಡೆ ಬಿಟ್ಟು, ಮನೆಯವರೆಲ್ಲ ಸೇರಿ ಒಂದು ದಾರಿಯನ್ನಾದರೂ ಕೊನೆಯವರೆಗೆ ನಡೆಯಿರಿ. ಕಾರೇ ಬೇಡ ಎಂದು ಹೇಳುತ್ತಿಲ್ಲ. ಪುಟ್ಟ ಮಕ್ಕಳು, ಮಂಡಿನೋವಿನ ಹಿರಿಯರು, ಪುಳಿಯೋಗರೆಯ ಡಬ್ಬಿ, ನಂಬಲಾಗದ ಮಳೆ ಇವೆಲ್ಲ ಇರುವಾಗ ಕಾರು ಬೇಕಾಗುತ್ತದೆ. ಆದರೆ ವರ್ಷಕ್ಕೆ 1.8 ಕೋಟಿಯ ಆಸುಪಾಸಿನಲ್ಲಿ ಜನ ಬಂದುಹೋಗುವ, ಸುಮಾರು 40 ಸಾವಿರ ಜನರಷ್ಟೇ ವಾಸವಿರುವ ಜಾಗ ಅದು. ಬಂದವರಲ್ಲಿ ಬಹುಪಾಲು ಜನ ಕಾರಿನಲ್ಲೇ ಬರುತ್ತಾರೆ. ಬಟರ್‌ಮಿಯರ್‌ಗೆ ಹೋಗುವ ಕಿರಿದಾದ ರಸ್ತೆಯಲ್ಲಿ ಎರಡೂ ಬದಿ ಕಾರು ನಿಲ್ಲಿಸಿದ್ದರಿಂದ ಪರ್ವತ ರಕ್ಷಣಾ ತಂಡದ ಗಾಡಿಯೊಂದು ಮುಂದೆ ಹೋಗಲಾಗದೆ ನಿಂತದ್ದನ್ನು ಲೇಖಕಿ ಕಂಡಿದ್ದಾಳೆ. ಆ ಸಾಲಿನಲ್ಲಿ ಅವಳ ಕಾರೂ ಇತ್ತು. ಮೊದಲ ಮೂರು ವರ್ಷ ಅವಳೂ ನಿಮ್ಮ ಹಾಗೆಯೇ ಒಂದು ದಿನಕ್ಕೆ ಆರು ವ್ಯೂಪಾಯಿಂಟ್ ಎಂದು ಪಟ್ಟಿ ಹಿಡಿದು ಓಡಾಡಿದವಳು.

ನಿಂತು ನೋಡುವುದಕ್ಕೆಂದೇ ಜಾಗ ಗೊತ್ತುಮಾಡುವ ರೂಢಿ ಈ ಸೀಮೆಯಲ್ಲಿ ಬಹಳ ಹಳೆಯದು. 1769ರಲ್ಲಿ ಕವಿ ಥಾಮಸ್ ಗ್ರೇ ಇಲ್ಲಿಗೆ ಬಂದಾಗ ಅವನ ಕೈಯಲ್ಲಿ ಒಂದು ಕನ್ನಡಿ ಇತ್ತು. ಕ್ಲಾಡ್ ಗ್ಲಾಸ್ ಎಂಬ ಆ ಕನ್ನಡಿ ತುಸು ಉಬ್ಬಿದ್ದು, ಗಾಢ ಬಣ್ಣದ್ದು. ಬೆಟ್ಟಕ್ಕೆ ಬೆನ್ನು ಹಾಕಿ ನಿಂತು ಕನ್ನಡಿಯೊಳಗೆ ನೋಡಿದರೆ ದೃಶ್ಯವೆಲ್ಲ ಚಿತ್ರಪಟದ ಹಾಗೆ ಚೌಕಟ್ಟಿನಲ್ಲಿ ಕೂರುತ್ತಿತ್ತು. ಹಾಗೆ ಕನ್ನಡಿ ಹಿಡಿದುಕೊಂಡಿದ್ದಾಗಲೇ ಗ್ರೇ ಕೆಸರಿನ ದಾರಿಯಲ್ಲಿ ಹಿಂದಕ್ಕೆ ಬಿದ್ದು ಬೆರಳಿನ ಗೆಣ್ಣು ತರಚಿಕೊಂಡ. 1778ರಲ್ಲಿ ಥಾಮಸ್ ವೆಸ್ಟ್ ಬರೆದ ಮಾರ್ಗದರ್ಶಿ ಪುಸ್ತಕ ಎಲ್ಲೆಲ್ಲಿ ನಿಂತು ನೋಡಬೇಕೆಂದು ಜಾಗಗಳನ್ನೇ ಗುರುತಿಸಿತು. ಅವಕ್ಕೆ 'ಸ್ಟೇಷನ್' ಎಂದು ಹೆಸರಾಯಿತು. ಅಂಥದೊಂದು ಸ್ಟೇಷನ್ ವಿಂಡರ್‌ಮಿಯರ್‌ನ ಪಶ್ಚಿಮ ದಂಡೆಯ ಕ್ಲೇಫ್‌ನಲ್ಲಿ ಈಗಲೂ ಇದೆ. 1790ರ ದಶಕದಲ್ಲಿ ಕಟ್ಟಿದ ಆ ಮಹಡಿಯ ಕಿಟಕಿಗಳಿಗೆ ಬಣ್ಣದ ಗಾಜು ಕೂರಿಸಿದ್ದರು. ಹಳದಿ ಗಾಜಿನಲ್ಲಿ ಶರತ್ಕಾಲ, ಗಾಢ ನೀಲಿಯಲ್ಲಿ ಬೆಳದಿಂಗಳು. ಇಂದಿನ ಫೋನಿನ ಫಿಲ್ಟರುಗಳು ಮಾಡುವ ಕೆಲಸವನ್ನು ಆಗ ಗಾಜು ಮಾಡುತ್ತಿತ್ತು. ನಿಮ್ಮ ಫೋಟೋ ಆಸೆಯಲ್ಲಿ ತಪ್ಪೇನೂ ಇಲ್ಲ. ಆ ಆಸೆಗೆ 250 ವರ್ಷಗಳ ವಂಶಾವಳಿ ಇದೆ.

ಆದರೆ ಕಾಲುದಾರಿಗಳದ್ದು ಬೇರೆಯೇ ಚರಿತ್ರೆ, ಅದನ್ನು ತಿಳಿದವರು ಕಡಿಮೆ. ಕೆಸಿಕ್ ಪಟ್ಟಣದ ಬೆನ್ನಿಗೇ ಇರುವ ಲ್ಯಾಟ್ರಿಗ್ ಗುಡ್ಡದ ಎತ್ತರ ಕೇವಲ 368 ಮೀಟರ್. 1887ರಲ್ಲಿ ಭೂಮಾಲೀಕರು ಅದರ ದಾರಿಗಳಿಗೆ ಅಡ್ಡ ಕಟ್ಟಿದರು. ಆ ವರ್ಷದ ಅಕ್ಟೋಬರ್ 1ರಂದು ಸುಮಾರು 2,000 ಜನ ಅಡ್ಡಗಳನ್ನು ಕಿತ್ತು ಸರಿಸಿ, ಸಾಲುಗಟ್ಟಿ ಗುಡ್ಡ ಹತ್ತಿದರು. ಮರುವರ್ಷ ನ್ಯಾಯಾಲಯದಲ್ಲಿ ರಾಜಿಯಾಗಿ ತುದಿಗೆ ಹೋಗುವ ದಾರಿ ಜನರ ಪಾಲಿಗೆ ಉಳಿಯಿತು. ಆ ಕಾಲದ ಕೆಸಿಕ್‌ನಲ್ಲಿ ಪಾದ್ರಿಯಾಗಿದ್ದ ಹಾರ್ಡ್‌ವಿಕ್ ರಾನ್ಸ್‌ಲಿ 1895ರಲ್ಲಿ ಆಕ್ಟೇವಿಯಾ ಹಿಲ್ ಮತ್ತು ರಾಬರ್ಟ್ ಹಂಟರ್ ಜೊತೆ ಸೇರಿ ನ್ಯಾಷನಲ್ ಟ್ರಸ್ಟ್ ಕಟ್ಟಿದರು. 1902ರಲ್ಲಿ ಜನರಿಂದ ಚಂದಾ ಎತ್ತಿ, 6,500 ಪೌಂಡ್ ಕೂಡಿಸಿ ಡರ್ವೆಂಟ್‌ವಾಟರ್ ದಂಡೆಯ ಬ್ರ್ಯಾಂಡಲ್‌ಹೌ ಕಾಡನ್ನು ಕೊಂಡರು. ಈ ಸರೋವರ ಸೀಮೆಯಲ್ಲಿ ಟ್ರಸ್ಟ್ ಕೊಂಡ ಮೊದಲ ಜಾಗ ಅದು. ಇಂದು ಕೆಸಿಕ್‌ನ ದೋಣಿ ಏರಿ ಆ ಕಾಡಿನ ಕಟ್ಟೆಯಲ್ಲಿ ಇಳಿದು, ದಂಡೆಯುದ್ದಕ್ಕೂ ಓಕ್ ಮರಗಳ ಕೆಳಗೆ ಯಾರ ಅಪ್ಪಣೆಯೂ ಇಲ್ಲದೆ ನಡೆಯಬಹುದು. ನಿಮ್ಮ ಮಕ್ಕಳಿಗೆ ಅಲ್ಲಿ ನಡೆಯುವಾಗ ಲ್ಯಾಟ್ರಿಗ್‌ನ ಆ 2,000 ಜನರ ಕಥೆ ಹೇಳಿ.

ವರ್ಡ್ಸ್‌ವರ್ತ್ ಹೆಸರು ನಿಮಗೆ ಹೊಸದಲ್ಲ. ಡ್ಯಾಫೊಡಿಲ್ ಹೂಗಳ ಪದ್ಯವನ್ನು ಊರಿನ ಶಾಲೆಯಲ್ಲಿ, ಆ ಹೂವನ್ನೇ ಕಾಣದೆ ಬಾಯಿಪಾಠ ಮಾಡಿದವರು ನಾವೆಲ್ಲ. ಆ ಹೂಗಳನ್ನು ಅವರೂ ತಂಗಿ ಡೊರೊಥಿಯೂ ಕಂಡದ್ದು 1802ರ ಏಪ್ರಿಲ್ 15ರಂದು, ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ನಡೆದು ಹೋಗುವಾಗ. ಡೊರೊಥಿಯ ದಿನಚರಿಯಲ್ಲಿ ಆ ದಿನ ದಾಖಲಾಗಿದೆ. ಇದೇ ಕವಿ 1844ರಲ್ಲಿ ವಿಂಡರ್‌ಮಿಯರ್‌ಗೆ ರೈಲು ಬರಕೂಡದೆಂದು ಪತ್ರಿಕೆಗೆ ಪತ್ರಗಳನ್ನು ಬರೆದರು. ದೊಡ್ಡ ಗುಂಪುಗಳಾಗಿ ಬರುವ ಕಾರ್ಮಿಕರಿಗೆ ಈ ನೋಟವನ್ನು ಸವಿಯುವ ಅಭ್ಯಾಸವಿಲ್ಲ ಎಂಬುದು ಅವರ ಆತಂಕ. ಆ ಮಾತಿನಲ್ಲಿ ಅವರು ತಪ್ಪಿದರು ಎಂದೇ ಲೇಖಕಿಯ ಅಭಿಪ್ರಾಯ. 1847ರಲ್ಲಿ ರೈಲು ಬಂತು. 1930ರಲ್ಲಿ ಗಿರಣಿಗಳ ಊರಾದ ಬ್ಲ್ಯಾಕ್‌ಬರ್ನ್‌ನ 23 ವರ್ಷದ ಗುಮಾಸ್ತನೊಬ್ಬ ವಿಂಡರ್‌ಮಿಯರ್‌ಗೆ ಬಂದು ಓರೆಸ್ಟ್ ಹೆಡ್ ಎಂಬ 239 ಮೀಟರಿನ ಗುಡ್ಡ ಹತ್ತಿದ. ಬಡ ಮನೆಯ ಹುಡುಗ, 13ಕ್ಕೇ ಶಾಲೆ ಬಿಟ್ಟವನು. ಮೇಲೆ ನಿಂತು ಕಂಡ ನೋಟ ಅವನ ಬಾಳನ್ನೇ ತಿರುಗಿಸಿತು. ಅವನೇ ಆಲ್ಫ್ರೆಡ್ ವೇನ್‌ರೈಟ್. 1955ರಿಂದ 1966ರವರೆಗೆ ಏಳು ಸಂಪುಟಗಳಲ್ಲಿ 214 ಬೆಟ್ಟಗಳನ್ನು, ಪ್ರತಿ ಪುಟವನ್ನೂ ಕೈಯಿಂದಲೇ ಬರೆದು, ಚಿತ್ರ ಬಿಡಿಸಿ ದಾಖಲಿಸಿದರು. ಅವರು ಕಾರು ಓಡಿಸುತ್ತಿರಲಿಲ್ಲ. ವಾರವೆಲ್ಲ ಕೆಂಡಲ್ ಪುರಸಭೆಯಲ್ಲಿ ಲೆಕ್ಕಪತ್ರದ ಕೆಲಸ, ವಾರಾಂತ್ಯಕ್ಕೆ ಬಸ್ಸು ಹಿಡಿದು ಬೆಟ್ಟ.

ಲೇಖಕಿಯ ಅಮ್ಮನ ವಿಷಯ ಇಲ್ಲಿ ಹೇಳಲೇಬೇಕು.

ಅಮ್ಮ ಸಾಗರ ತಾಲ್ಲೂಕಿನವರು, ಎಪ್ಪತ್ತರ ಹತ್ತಿರದ ವಯಸ್ಸು, ಎಡ ಮಂಡಿ ನೋವು. ಮೊದಲ ಸಲ ಬಂದಾಗ ಅವರನ್ನು ಕಾರಿನಲ್ಲಿ ಸುತ್ತಿಸಿದ್ದಾಯಿತು. ಅಮ್ಮ ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದರು, ಮಧ್ಯಾಹ್ನದ ಮೇಲೆ ನಿದ್ದೆ ಹೋದರು. ಎರಡನೆಯ ಸಲ ರೈಲಿನಲ್ಲಿ ವಿಂಡರ್‌ಮಿಯರ್‌ಗೆ ಕರೆತಂದು ಓರೆಸ್ಟ್ ಹೆಡ್ ಹತ್ತಿಸಲಾಯಿತು. ಬೇರೆಯವರಿಗೆ ಅರ್ಧ ಗಂಟೆಯ ಏರು, ಅಮ್ಮನಿಗೆ ಒಂದೂಕಾಲು ಗಂಟೆ. ದಾರಿಯ ಮೊದಲ ಕಲ್ಲುಗೋಡೆಯ ಹತ್ತಿರವೇ ಅವರು ನಿಂತುಬಿಟ್ಟರು. "ಮಣ್ಣೂ ಇಲ್ಲ, ಗಾರೆಯೂ ಇಲ್ಲ, ಹೇಗೆ ನಿಂತಿದೆ ನೋಡು" ಎಂದು ಸಂದಿಗೆ ಬೆರಳು ಹಾಕಿದರು. ಹೊರಗಿನ ಎರಡು ಸಾಲು ದೊಡ್ಡ ಕಲ್ಲು, ನಡುವೆ ಚೂರುಕಲ್ಲಿನ ತುಂಬು, ಅಲ್ಲಲ್ಲಿ ಎರಡೂ ಸಾಲನ್ನು ಹಿಡಿದಿಡುವ ಉದ್ದದ ಅಡ್ಡಗಲ್ಲು. ಅದನ್ನೆಲ್ಲ ಅಮ್ಮನೇ ಮೊಮ್ಮಗಳಿಗೆ ತೋರಿಸಿದರು. ಮುಂದೆ ಗೋಡೆ ಹತ್ತಿ ದಾಟುವ ಮೆಟ್ಟಿಲೊಂದು ಕಂಡಾಗ, "ಇದು ನಮ್ಮ ತಡಮೆ ಅಲ್ಲವಾ!" ಎಂದರು. ಮರದ ಗೇಟು ಬಂದಾಗ ಮೊಮ್ಮಗಳು ತೆರೆದಿಟ್ಟು ಓಡಿದಳು. ಅಮ್ಮ ಹಿಂದಿನಿಂದ ಕೂಗಿದರು: "ಏ ಪುಟ್ಟಿ, ದಣಪೆ ಹಾಕು, ದನ ನುಗ್ಗುತ್ತೆ!" ಲಂಡನ್ನಿನಲ್ಲಿ ಹುಟ್ಟಿದ ಹುಡುಗಿಗೆ ದಣಪೆ ಎಂಬ ಮಾತು ಸಿಕ್ಕಿದ್ದು ಇಂಗ್ಲೆಂಡಿನ ಆ ಗುಡ್ಡದ ಮೇಲೆ.

ಮೂರನೆಯ ಸಲ ಹಾಸ್‌ವಾಟರ್‌ಗೆ ಹೋದದ್ದು ಕಾರಿನಲ್ಲೇ. ಅಷ್ಟು ಒಳಗೆ ಬೇರೆ ಸುಲಭದ ದಾರಿಯಿಲ್ಲ. ಮ್ಯಾಂಚೆಸ್ಟರಿನ ನೀರಿಗಾಗಿ ಕಟ್ಟಿದ ಆ ಜಲಾಶಯದಲ್ಲಿ 1930ರ ದಶಕದಲ್ಲಿ ಮಾರ್ಡೇಲ್ ಎಂಬ ಹಳ್ಳಿ ಮುಳುಗಿತು. ಬರಗಾಲದ ಬೇಸಿಗೆಯಲ್ಲಿ ಅದರ ಕಲ್ಲುಗೋಡೆಗಳು ನೀರಿನಿಂದ ಮೇಲೆ ಬರುತ್ತವೆ. ರಸ್ತೆ ಮುಗಿಯುವಲ್ಲಿ ಕಾರು ಬಿಟ್ಟು ದಂಡೆಗುಂಟ ನಡೆಯುವಾಗ ಇದನ್ನು ಹೇಳಿದ್ದಷ್ಟೇ, ಅಮ್ಮ ನಿಂತರು. ಅವರದೂ ಮುಳುಗಡೆಯ ಮನೆತನ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಊರು ಬಿಟ್ಟವರು. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದರೆ ಹಳೆಯ ಮಡೆನೂರು ಅಣೆಕಟ್ಟು ತಲೆ ಎತ್ತುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಮನೆಯ ಹಂಚು ಇಳಿಸಿ ಲಾರಿಗೆ ಹೇರಿದ್ದು, ಕೊಟ್ಟಿಗೆಯ ಬಾಗಿಲನ್ನು ಅಜ್ಜ ಕಿತ್ತು ತಂದದ್ದು, ಹೊಸ ಊರಿನಲ್ಲಿ ಅದೇ ಬಾಗಿಲು ಹಾಕಿದ್ದು, ಇವನ್ನು ಅಮ್ಮ ಒಂದು ಗಂಟೆ ಹೇಳುತ್ತ ನಡೆದರು. ನಲವತ್ತು ವರ್ಷ ಜೊತೆಗಿದ್ದ ಮಗಳಿಗೂ ಆ ಬಾಗಿಲಿನ ಸಂಗತಿ ಗೊತ್ತಿರಲಿಲ್ಲ. ನಿಮ್ಮ ಅಪ್ಪ ಅಮ್ಮ ವೀಸಾದ ಆರು ತಿಂಗಳು ಬಂದು, ಟೀವಿಯ ಮುಂದೆ ಕೂತು, ದಿನ ಎಣಿಸುತ್ತ ಹೋಗುವುದನ್ನು ಕಂಡಿದ್ದೀರಿ. ಅವರನ್ನು ನಡೆಸಿಕೊಂಡು ಹೋಗಿ. ನಿಧಾನವಾದರೂ ಪರವಾಗಿಲ್ಲ.

ನಡೆಯಲು ಕಷ್ಟವಿರುವವರಿಗೂ ಇಲ್ಲಿ ದಾರಿಗಳಿವೆ. ತಡಮೆಗಳೇ ಇಲ್ಲದ ಹಾದಿಗಳನ್ನು ರಾಷ್ಟ್ರೀಯ ಉದ್ಯಾನದವರು 'ಮೈಲ್ಸ್ ವಿದೌಟ್ ಸ್ಟೈಲ್ಸ್' ಎಂಬ ಹೆಸರಿನಲ್ಲಿ ಗುರುತಿಸಿದ್ದಾರೆ. ಅದೇ ಲ್ಯಾಟ್ರಿಗ್‌ನ ಮೇಲ್ಭಾಗದಲ್ಲಿ ಅಂಥದೊಂದು ಹಾದಿ ಇದೆ. ಕೆಸಿಕ್‌ನ ಫ್ರಯರ್ಸ್ ಕ್ರ್ಯಾಗ್‌ಗೆ ದೋಣಿಕಟ್ಟೆಯಿಂದ ಸಮತಟ್ಟಾದ ದಾರಿ, ಹತ್ತು ಹದಿನೈದು ನಿಮಿಷ. ಅಲ್ಲಿ ಜಾನ್ ರಸ್ಕಿನ್‌ರ ಸ್ಮಾರಕಶಿಲೆ ಇದೆ. ಗಾಂಧೀಜಿ ಓದಿ ಬದಲಾದ, ಆಮೇಲೆ 'ಸರ್ವೋದಯ' ಎಂದು ಗುಜರಾತಿಗೆ ತಂದ ಪುಸ್ತಕ ಬರೆದವರು ಇವರೇ ಎಂದರೆ ನಿಮ್ಮ ಅಪ್ಪ ಬೆಂಚಿನಿಂದ ಬೇಗ ಏಳಲಾರರು.

ಸೈಕಲ್ ಪ್ರಿಯರೇ, ನಿಮಗೊಂದಿಷ್ಟು. ಕೆಸಿಕ್‌ನಿಂದ ಥ್ರೆಲ್‌ಕೆಲ್ಡ್‌ಗೆ ಗ್ರೇಟಾ ಹೊಳೆಯ ಪಕ್ಕದಲ್ಲೇ ಸುಮಾರು 5 ಕಿ.ಮೀ. ದಾರಿ ಇದೆ. 1972ರಲ್ಲಿ ಮುಚ್ಚಿದ ರೈಲು ಮಾರ್ಗವೇ ಈಗ ಸೈಕಲ್ ದಾರಿ. ರೈಲು ಏರಲು ಆಗುವಷ್ಟೇ ಏರು, ಹಾಗಾಗಿ ಆರೇಳು ವರ್ಷದ ಮಕ್ಕಳೂ ತುಳಿಯಬಲ್ಲರು. 2015ರ ಡಿಸೆಂಬರ್‌ನಲ್ಲಿ ಡೆಸ್ಮಂಡ್ ಚಂಡಮಾರುತ ಬಂದಾಗ ಹಾನಿಸ್ಟರ್ ಕಣಿವೆದಾರಿಯಲ್ಲಿ 24 ಗಂಟೆಗಳಲ್ಲಿ 341.4 ಮಿ.ಮೀ. ಮಳೆ ಬಿತ್ತು. ಆಗುಂಬೆಯ ಆಷಾಢ ಕಂಡವರಿಗೆ ಅದು ಅಷ್ಟೇನೂ ಅನಿಸದಿರಬಹುದು, ಆದರೆ ಬ್ರಿಟನ್ನಿನಲ್ಲಿ ಅದು ದಾಖಲೆ. ಆ ಮಳೆಗೆ ಈ ಸೈಕಲ್ ದಾರಿಯ ಎರಡು ಸೇತುವೆಗಳು ಕೊಚ್ಚಿಹೋದವು. ಐದು ವರ್ಷಗಳ ನಂತರ, 2020ರ ಡಿಸೆಂಬರ್‌ನಲ್ಲಿ ದಾರಿ ಮತ್ತೆ ತೆರೆಯಿತು.

ಹೊಸ ಕಾರ್ಬನ್ ಸೈಕಲ್ ಕೊಂಡ ತರುಣರಿಗೆ ಹಾರ್ಡ್‌ನಾಟ್ ಕಣಿವೆದಾರಿ ಸವಾಲಾಗಿ ಕಾಣುತ್ತದೆ ಎಂಬುದು ಗೊತ್ತಿದೆ. ಅದರ ಕಡಿದಾದ ಭಾಗದಲ್ಲಿ ಮೂರು ಅಡಿ ಮುಂದೆ ಹೋದರೆ ಒಂದು ಅಡಿ ಏರು. ಹತ್ತಲಾಗದಿದ್ದರೆ ಇಳಿದು ತಳ್ಳಬಹುದು. ಮಳೆಯಲ್ಲಿ ಇಳಿಯುವಾಗ ಬ್ರೇಕ್ ಹಿಡಿಯದಿದ್ದರೆ ದಾರಿಯಿಲ್ಲ. ಒದ್ದೆ ರಸ್ತೆಯಲ್ಲಿ ಅದನ್ನು ಇಳಿಯಬೇಡಿ. ಇನ್ನೊಂದು: ಹಳದಿ ಬಾಣದ ಗುರುತಿರುವುದು ಕಾಲುದಾರಿ, ಅಲ್ಲಿ ಸೈಕಲ್ ತುಳಿಯುವ ಹಕ್ಕಿಲ್ಲ. ನೀಲಿ ಬಾಣದ್ದು ಕುದುರೆ ದಾರಿ. 1968ರ ಕಾಯ್ದೆಯಿಂದ ಸೈಕಲ್‌ಗೂ ಅಲ್ಲಿ ಅವಕಾಶ, ಆದರೆ ನಡೆಯುವವರಿಗೂ ಕುದುರೆಯವರಿಗೂ ಮೊದಲು ದಾರಿ ಬಿಡಬೇಕು.

ಈಗ ತುಸು ಗಟ್ಟಿಯಾಗಿ ಹೇಳಬೇಕಾದ ಮಾತು. ಇಂಗ್ಲೆಂಡಿನ ಅತಿ ಎತ್ತರದ ಬೆಟ್ಟ ಸ್ಕಾಫೆಲ್ ಪೈಕ್ 978 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಮೀಟರಿಗೂ ಮೇಲಿದೆ. ಈ ಲೆಕ್ಕ ಹಿಡಿದು, "ಅದರ ಅರ್ಧ ತಾನೇ" ಎಂದು ಕ್ಯಾನ್ವಾಸ್ ಶೂ, ಜೀನ್ಸ್‌ನಲ್ಲಿ ಹೊರಟವರನ್ನು ಲೇಖಕಿ ಬಲ್ಲಳು. ಮುಳ್ಳಯ್ಯನಗಿರಿಯಲ್ಲಿ ಗಾಡಿ ತುದಿಯ ಹತ್ತಿರದವರೆಗೂ ಹೋಗುತ್ತದೆ. ಸ್ಕಾಫೆಲ್ ಪೈಕ್‌ಗೆ ವಾಸ್‌ಡೇಲ್‌ನಿಂದ ಹೊರಟರೆ ಹೆಚ್ಚುಕಡಿಮೆ 900 ಮೀಟರ್ ಕಾಲಿನಲ್ಲೇ ಏರಬೇಕು. ಕೆಳಗೆ ಬಿಸಿಲಿದ್ದಾಗ ಮೇಲೆ ಮಂಜು ಕವಿದು ಹತ್ತು ಹೆಜ್ಜೆ ಆಚೆ ಕಾಣದು. ನೆನೆದ ಜೀನ್ಸ್‌ಗೆ ಗಾಳಿ ತಾಗಿದರೆ ಜೂನ್‌ನಲ್ಲೂ ಮೈ ನಡುಗುತ್ತದೆ. ಹೊರಡುವ ಮುನ್ನ ಲೇಕ್ ಡಿಸ್ಟ್ರಿಕ್ಟ್ ವೆದರ್‌ಲೈನ್ ನೋಡಿ. ಚಳಿಗಾಲದಲ್ಲಿ ಅದಕ್ಕಾಗಿ ಪ್ರತಿದಿನ ಒಬ್ಬರು 950 ಮೀಟರಿನ ಹೆಲ್ವೆಲಿನ್ ಹತ್ತಿ, ಹಿಮ, ಗಾಳಿ ಅಳೆದು ವರದಿ ಕೊಡುತ್ತಾರೆ. ಮಳೆ ತಡೆಯುವ ಜಾಕೆಟ್, ಹಿಡಿತವಿರುವ ಬೂಟು, ಕಾಗದದ ನಕ್ಷೆ, ತಲೆಗೆ ಕಟ್ಟುವ ಟಾರ್ಚು, ಒಂದು ಸೀಟಿ, ಇವಿಷ್ಟು ಚೀಲದಲ್ಲಿರಲಿ. ಕಷ್ಟಕ್ಕೆ ಸಿಕ್ಕಿದರೆ ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು. ಫೋನ್ ಸಿಕ್ಕಿದರೆ 999ಕ್ಕೆ ಕರೆ ಮಾಡಿ, ಪೊಲೀಸ್ ಕೇಳಿ, ಬಳಿಕ ಮೌಂಟನ್ ರೆಸ್ಕ್ಯೂ ಕೇಳಬೇಕು.

ಹಾಗೆ ಬರುವವರು ಸಂಬಳದವರಲ್ಲ. ಊಟದ ತಟ್ಟೆ ಬಿಟ್ಟು, ಅಂಗಡಿ ಮುಚ್ಚಿ, ಹಾಸಿಗೆಯಿಂದ ಎದ್ದು ಬರುವ ಸ್ವಯಂಸೇವಕರು. ಒಂದು ಪೆನ್ನಿಯನ್ನೂ ಕೇಳುವುದಿಲ್ಲ. 2021ರ ಫೆಬ್ರವರಿಯಲ್ಲಿ, ಲಾಕ್‌ಡೌನ್ ಇದ್ದಾಗಲೇ ಕರ್ಕ್‌ಸ್ಟನ್ ಕಣಿವೆಯ ಮೇಲೆ ಡೇರೆ ಹಾಕಿದ್ದ ಇಬ್ಬರ ನೆರವಿಗೆ ಕತ್ತಲಲ್ಲಿ ಹೊರಟ ಸ್ವಯಂಸೇವಕರೊಬ್ಬರು ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ನಡೆಯುವ ಶಕ್ತಿಯನ್ನೇ ಕಳೆದುಕೊಂಡರು. ಅರೆಬರೆ ತಯಾರಿಯಲ್ಲಿ ಹೊರಡುವ ಪ್ರತಿಯೊಬ್ಬರೂ ಇದನ್ನು ನೆನೆಯಬೇಕು.

ಕುರಿಗಳ ಬಗ್ಗೆಯೂ ಒಂದು ಮಾತು. ಇಲ್ಲಿನ ಹರ್ಡ್‌ವಿಕ್ ಕುರಿಯ ಮರಿ ಹುಟ್ಟುವಾಗ ಕಪ್ಪು, ಬೆಳೆದಂತೆ ಬೂದಿ ಬಣ್ಣ, ಮುಖ ಮಾತ್ರ ಬೆಳ್ಳಗೆ. ಎತ್ತರದ ಬೆಟ್ಟಗಳಲ್ಲಿ ಬೇಲಿಯಿಲ್ಲದೆಯೂ ಪ್ರತಿ ಮಂದೆ ತನ್ನ ಎಲ್ಲೆಯೊಳಗೇ ಮೇಯುತ್ತದೆ. ಎಲ್ಲೆ ಎಲ್ಲಿದೆಯೆಂದು ತಾಯಿಯ ಬೆನ್ನಿಗೆ ಓಡಾಡುತ್ತ ಮರಿ ಕಲಿಯುತ್ತದೆ. ನಾಯಿ ಬೆದರಿಸಿದರೆ, ತೆರೆದಿಟ್ಟ ಗೇಟಿನಿಂದ ಮಂದೆ ಚದುರಿದರೆ ರೈತನಿಗೆ ದಿನಗಟ್ಟಲೆ ಕೆಲಸ. ತೆರೆದ ಗೇಟು ತೆರೆದೇ ಇರಲಿ, ಮುಚ್ಚಿದ್ದನ್ನು ಮುಚ್ಚಿ. ಕಿತ್ತಳೆ ಸಿಪ್ಪೆಯನ್ನೂ ಚೀಲದಲ್ಲೇ ವಾಪಸು ತನ್ನಿ. ಒಣ ಹುಲ್ಲಿನ ಮೇಲೆ ಬಿಸಾಡುವ ಬಾರ್ಬೆಕ್ಯೂ ತಟ್ಟೆ ಹಚ್ಚಲೇಬೇಡಿ. ದಾರಿ ಕೆಸರಾಗಿದೆಯೆಂದು ಪಕ್ಕದ ಹುಲ್ಲು ತುಳಿದರೆ ಮಣ್ಣು ಸಡಿಲಗೊಂಡು ಮಳೆಗೆ ಕೊಚ್ಚಿಹೋಗುತ್ತದೆ. 2001ರಿಂದ 'ಫಿಕ್ಸ್ ದ ಫೆಲ್ಸ್' ತಂಡದವರು ಕಲ್ಲು ಹೂತು ಇಂಥ ದಾರಿಗಳನ್ನು ಸರಿಪಡಿಸುತ್ತಿದ್ದಾರೆ. ಆ ಕಲ್ಲುಗಳ ಮೇಲೇ ಕಾಲಿಡಿ, ಬೂಟು ಒದ್ದೆಯಾಗಲಿ. ಊರಿನಲ್ಲೂ ಇದೇ ಕಷ್ಟ: 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಸರ್ಕಾರ ಚಾರಣ ತಡೆದು ಆನ್‌ಲೈನ್ ಬುಕಿಂಗ್ ತಂದದ್ದು ನೆನಪಿರಬಹುದು.

ಕನ್ನಡ ಸಂಘಗಳ ಪದಾಧಿಕಾರಿಗಳಿಗೆ ಪ್ರತ್ಯೇಕ ವಿನಂತಿ. ಯುಗಾದಿ, ರಾಜ್ಯೋತ್ಸವಗಳನ್ನು ನೀವು ಬಾಡಿಗೆ ಸಭಾಂಗಣಗಳಲ್ಲಿ ಚೆನ್ನಾಗಿಯೇ ಮಾಡುತ್ತೀರಿ. ವರ್ಷಕ್ಕೊಂದು ಸಲ, ಮೇ ತಿಂಗಳಲ್ಲಿ, ಒಂದು ನಡಿಗೆ ಇಡಿ. ಅಲ್ಸ್‌ವಾಟರ್‌ನಲ್ಲಿ ಹಡಗು ಏರಿ ಹೌಟೌನ್‌ನಲ್ಲಿ ಇಳಿದು ಗ್ಲೆನ್‌ರಿಡಿಂಗ್‌ವರೆಗೆ ದಂಡೆಯಲ್ಲಿ ನಡೆದು ಬರುವುದು ಗಟ್ಟಿ ಕಾಲಿನವರಿಗೆ ಒಳ್ಳೆಯ ದಿನ. 1877ರಲ್ಲಿ ನೀರಿಗಿಳಿದ 'ಲೇಡಿ ಆಫ್ ದ ಲೇಕ್' ಹಡಗು ಅಲ್ಲಿ ಇಂದಿಗೂ ಓಡುತ್ತಿದೆ. ನಡೆಯಲಾಗದವರು ಹಡಗಿನಲ್ಲೇ ಕೂತು ಬರಲಿ, ಊಟ ಕಟ್ಟೆಯ ಹತ್ತಿರ ಎಲ್ಲರೂ ಸೇರಿ ಮಾಡಲಿ. ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು ದಾರಿ ಬಲ್ಲವರಿರಲಿ.

ಉಳಿದವರು ಈ ಬೇಸಿಗೆಯಲ್ಲಿ ಒಂದು ಶನಿವಾರವನ್ನು ಇದಕ್ಕೆ ಕೊಡಿ. ಲಂಡನ್ ಯೂಸ್ಟನ್‌ನಿಂದ ಬರುವವರು ಆಕ್ಸನ್‌ಹೋಮ್‌ನಲ್ಲಿ ಇಳಿದು ವಿಂಡರ್‌ಮಿಯರ್‌ನ ಸಣ್ಣ ರೈಲು ಹತ್ತಬೇಕು, ಇಪ್ಪತ್ತು ನಿಮಿಷ. ನಿಲ್ದಾಣದ ಬಾಗಿಲಲ್ಲೇ ಆಂಬಲ್‌ಸೈಡ್, ಗ್ರಾಸ್‌ಮಿಯರ್, ಕೆಸಿಕ್‌ಗೆ ಹೋಗುವ 555 ಬಸ್ಸು ನಿಲ್ಲುತ್ತದೆ. ಓರೆಸ್ಟ್ ಹೆಡ್‌ಗೆ ಬಸ್ಸೂ ಬೇಡ. ನಿಲ್ದಾಣದಿಂದ ಹೊರಬಂದು ಎದುರಿನ ದೊಡ್ಡ ರಸ್ತೆ ದಾಟಿದರೆ ಗುಡ್ಡಕ್ಕೆ ದಾರಿ ತೋರಿಸುವ ಫಲಕವಿದೆ.

ಇತಿ ನಮಸ್ಕಾರಗಳೊಂದಿಗೆ,

ನಿಮ್ಮ ವಿಶ್ವಾಸಿ,
ಇಂಗ್ಲೆಂಡಿನಲ್ಲಿ ನೆಲೆಸಿರುವ ಒಬ್ಬ ಕನ್ನಡತಿ